ರಾಜನ ಬಲತೋಳು

“ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದೋನು ನೀನು. ಆ ನಿಲುವಂಗಿ ಮುಟ್ಟಬೇಡ, ನಿನ್ನ ಕೈ ಕೊಳೆ ಅಂಟುತ್ತೆ!”

ನಾಟಕ ಕಂಪನಿಯ ಯಜಮಾನ ಈ ಮಾತು ಹೇಳಿದ್ದು ಅಮ್ಮನ ಹೆಣದ ತಲೆಯ ಹತ್ತಿರ ನಿಂತು, ಕೋಣೆ ತುಂಬ ಜನ ಇರುವಾಗ. ಯಾರೋ ಕೆಮ್ಮಿದರು. ಹೆಣ ಹೊರಗೆ ಹೋಗಲು ದಾರಿ ಬೇಕೆಂದು ಮಗ ಹೊಲಿಗೆ ಮಷೀನನ್ನು ಗೋಡೆಗೆ ತಳ್ಳುತ್ತಿದ್ದ. ಅದರ ಮೇಲಿದ್ದ ಕೆಂಪು ಮಖಮಲ್ಲಿನ ನಿಲುವಂಗಿಯನ್ನು ಎತ್ತಿಡಲು ಕೈ ಚಾಚಿದ್ದ, ಅಷ್ಟೇ. ಕೈ ಅಲ್ಲೇ ನಿಂತಿತು.

“ಸಂಜೆ ಆಟ ಇದೆ,” ಯಜಮಾನ ದನಿ ತಗ್ಗಿಸಿದ, ದುಃಖಕ್ಕಲ್ಲ, ಅವಸರಕ್ಕೆ. “ಟಿಕೆಟ್ಟೆಲ್ಲ ಹೋಗಿದೆ. ರಾಜನ ಪಾತ್ರ ನನ್ನದೇ. ಬಟ್ಟೆ ಒಯ್ದುಬಿಡ್ತೀನಿ.”

“ಹೆಣ ಎತ್ತೋ ತನಕ ತಡೀಬಾರದಾ?” ಚಿಕ್ಕಮ್ಮ ಸಿಡುಕಿದಳು. “ನಿಮ್ಮ ರಾಜ ಸತ್ತು ಮುನ್ನೂರು ವರ್ಷ ಆಯ್ತು. ಇನ್ನರ್ಧ ಗಂಟೆ ಕಾದ್ರೆ ಮತ್ತೆ ಸಾಯ್ತಾನಾ?”

ಮೂಲೆಯಲ್ಲಿದ್ದ ಚಪ್ಪಲಿ ಅಂಗಡಿಯವನಿಗೆ ನಗು ತಡೆಯಲಿಲ್ಲ. ಮುಖ ಒರೆಸಿಕೊಳ್ಳುವ ನೆಪದಲ್ಲಿ ಬಾಯಿಗೆ ಕರವಸ್ತ್ರ ಒತ್ತಿಕೊಂಡ.

*

ಆ ನಿಲುವಂಗಿಗೆ ಅಮ್ಮ ನಾಲ್ಕು ತಿಂಗಳು ಕೂತಿದ್ದಳು. ಮಾದರಿಗೆ ಇದ್ದದ್ದು ಹಳೆಯ ಪುಸ್ತಕದ ಒಂದೇ ಚಿತ್ರ, ಅದರಲ್ಲೂ ರಾಜನ ಬೆನ್ನು ಕಾಣುತ್ತಿರಲಿಲ್ಲ. ಬೆನ್ನನ್ನು ಅವಳೇ ಊಹಿಸಿದಳು. ಉಣ್ಣುವ ಮೇಜೇ ಬಟ್ಟೆ ಕತ್ತರಿಸುವ ಮೇಜು. ತಟ್ಟೆಯಲ್ಲಿ ಜರಿಯ ಎಳೆ ಸಿಕ್ಕರೆ, “ರಾಜಭೋಜನ ಕಣೋ, ತಿನ್ನು,” ಎನ್ನುತ್ತಿದ್ದಳು.

ಹೀಗೆ ಹದಿನೆಂಟು ವರ್ಷ ಕಂಪನಿಗೆ ಹೊಲಿದಳು. ಹೋದ ವರ್ಷ ಕಂಪನಿಗೆ ಸನ್ಮಾನವಾದಾಗ ಯಜಮಾನ ವೇದಿಕೆಯ ಮೇಲೆ ಎರಡೂ ಕೈ ತೋರಿಸಿ, “ಒಂದೊಂದು ಹೊಲಿಗೆಯೂ ಈ ಕೈಗಳದ್ದು,” ಅಂದ. ಮನೆಯಲ್ಲಿ ಹೊಲಿಯುವ ಹೆಂಗಸೊಬ್ಬಳಿದ್ದಾಳಂತಲ್ಲ ಎಂದು ಯಾರೋ ಕೇಳಿದ್ದಕ್ಕೆ, “ಅವಳಾ? ಗುಂಡಿ ಹಾಕ್ತಾಳೆ,” ಅಂದ. ಮೂರನೇ ಸಾಲಿನಲ್ಲಿ ಕೂತಿದ್ದ ಅಮ್ಮ ಚಪ್ಪಾಳೆ ತಟ್ಟಿದಳು.

“ಯಾಕೆ ತಟ್ಟಿದೆ?” ಬರುವ ದಾರಿಯಲ್ಲಿ ಮಗ ಹಲ್ಲು ಕಡಿದ.

“ಬಟ್ಟೆಗೆ ತಟ್ಟಿದೆ ಕಣೋ. ಒಳಗಿರೋ ಗೊಂಬೆಗಲ್ಲ.”

ಅವಳು ನುಂಗಿಕೊಂಡಳು. ಅವನಿಗೆ ಮಾತ್ರ ಅದು ಗಂಟಲಿನಿಂದ ಇಳಿಯಲೇ ಇಲ್ಲ.

*

ನಿನ್ನೆ ಬೆಳಿಗ್ಗೆ ಮಷೀನಿನ ಮೇಲೆ ತಲೆಯಿಟ್ಟವಳು ಮತ್ತೆ ಏಳಲಿಲ್ಲ. ನಿಲುವಂಗಿಯಲ್ಲಿ ಬಲತೋಳೊಂದು ಮಾತ್ರ ಹೊಲಿಯಲು ಬಾಕಿಯಿತ್ತು. ಬಿಳಿ ದಾರದ ಉದ್ದುದ್ದ ಕಚ್ಚಾ ಹೊಲಿಗೆಯಲ್ಲಿ ಅದು ಸುಮ್ಮನೆ ತೂಗಿಕೊಂಡಿತ್ತು, ಜಗ್ಗಿದರೆ ಕೈಗೇ ಬರುವಂತೆ. ಮಷೀನಿನಲ್ಲಿ ಪಕ್ಕಾ ಹೊಲಿಗೆ ಹೊಡೆದು ಬಿಳಿ ದಾರ ಕಿತ್ತುಹಾಕಿದರೆ ಮುಗಿಯಿತು. ಮಗನಿಗೆ ಹತ್ತು ನಿಮಿಷದ ಕೆಲಸ. ಶಾಲೆ ಬಿಟ್ಟ ಮೇಲೆ ಅಮ್ಮನ ಪಕ್ಕ ಕೂತು ಅವನು ಕಲಿತದ್ದು ಅದನ್ನೇ. ಅವಳ ಕೊನೆಯ ಕೆಲಸ ಅರ್ಧಕ್ಕೆ ನಿಲ್ಲಬಾರದೆಂದು ಇವತ್ತು ಎದ್ದವನೇ ಮಷೀನಿಗೆ ಕೆಂಪು ದಾರ ಪೋಣಿಸಿಯೂ ಇಟ್ಟಿದ್ದ.

ಈಗ ಯಜಮಾನ ನಿಲುವಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅವನ ಕಣ್ಣು ಬಲಭುಜದ ಮೇಲೆ ನಿಂತಿತು.

“ಆಹಾ!” ಎಲ್ಲರಿಗೂ ಕೇಳುವಂತೆ ಯಜಮಾನ ತಲೆದೂಗಿದ. “ಈ ಬಿಳಿ ಕುಸುರಿ ನೋಡಿ. ಆ ಕಾಲದಲ್ಲಿ ಹಿಂಗೇ ಹಾಕ್ತಿದ್ರು. ನಾನೇ ಹೇಳಿ ಹಾಕಿಸಿದ್ದು.”

ಬಾಯಿ ತೆರೆದ ಚಿಕ್ಕಮ್ಮನ ಮೊಣಕೈಯನ್ನು ಮಗ ಗಟ್ಟಿಯಾಗಿ ಹಿಡಿದ.

“ಹೇಳೋ,” ಅವಳು ಪಿಸುಗುಟ್ಟಿದಳು. “ಅಷ್ಟು ಜನರ ಮುಂದೆ ತೋಳು ಬಿಚ್ಕೊಂಡ್ರೆ ಅಕ್ಕನ ಮಾನ ಹೋಗುತ್ತೆ.”

“ಅಮ್ಮನ ಹೆಸರು ಎಲ್ಲಿದೆ ಚಿಕ್ಕಮ್ಮ, ಮಾನ ಹೋಗೋಕೆ? ಒಂದೊಂದು ಹೊಲಿಗೆಯೂ ಅವನದೇ ಅಲ್ವಾ?”

ಚಿಕ್ಕಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ಯಜಮಾನನಿಗೆ ದಾರಿ ಬಿಟ್ಟಳು.

ಹೊರಡುವ ಹೊತ್ತಾಯಿತು. ಮೂವರು ಬಗ್ಗಿ ಅಮ್ಮನನ್ನು ಎತ್ತಿದರು. ನಾಲ್ಕನೆಯ ಹೆಗಲು ಮಗನದು. ಯಜಮಾನ ಬಾಗಿಲ ಪಕ್ಕಕ್ಕೆ ಸರಿದ, ಎಡಗೈಯ ಮೇಲೆ ಮಖಮಲ್ಲು.

“ಏಯ್, ಎರಡನೇ ಅಂಕದಲ್ಲಿ ನಾನು ಕತ್ತಿ ಎತ್ತಬೇಕು, ನೋಡು, ಇಷ್ಟೆತ್ತರಕ್ಕೆ.” ಬಲಗೈಯನ್ನು ನೆತ್ತಿಯ ಮೇಲಕ್ಕೆ ಚಾಚಿದ. “ಹೊಲಿಗೆ ತಡೆಯುತ್ತೆ ತಾನೇ?”

ಮಗ ಅವನ ಎದುರಿನಿಂದಲೇ ಹಾದು ಬೀದಿಗಿಳಿದ. ಯಜಮಾನ ಎತ್ತಿದ ಕೈ ಇಳಿಸದೆ ಹೊಸ್ತಿಲಲ್ಲಿ ಉತ್ತರಕ್ಕಾಗಿ ಕಾಯುತ್ತಲೇ ಇದ್ದ. ಮಗ ಹೆಗಲ ಭಾರವನ್ನು ಸರಿಮಾಡಿಕೊಂಡು, ತಿರುಗಿ ನೋಡದೆ ನಡೆದ.