ಹದ್ದಿನ ಕಣ್ಣಿನ ಪರೀಕ್ಷೆ

ಗಣಿತದ ಮೇಷ್ಟ್ರಿಗೆ ಶಾಲೆಯಲ್ಲಿ ಹದ್ದು ಎಂದೇ ಅಡ್ಡಹೆಸರು. ಪರೀಕ್ಷೆಯ ಕೋಣೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರೂ ಕಡೆಗಣ್ಣಿನಲ್ಲೇ ಕೊನೆಯ ಬೆಂಚಿನ ಚೀಟಿ ಹಿಡಿಯುತ್ತಿದ್ದರು.

ಅಂಥವರಿಗೆ ಮೂರು ವರ್ಷದ ಹಿಂದೆ ಕಣ್ಣಿನ ಡಾಕ್ಟರಮ್ಮ, "ಕಣ್ಣೊಳಗೆ ಒತ್ತಡ ಜಾಸ್ತಿ ಇದೆ. ನೋವಿಲ್ಲ ಅಂತ ಬಿಟ್ರೆ ಗ್ಲಾಕೋಮಾ ಆಗಿ ದೃಷ್ಟಿ ಹೋಗ್ಬಹುದು. ದಿನಾ ಸಂಜೆ ಒಂದೊಂದು ಹನಿ, ತಪ್ಪಿಸ್ಬಾರ್ದು" ಎಂದಿದ್ದರು. ಹನಿ ಬಿದ್ದರೆ ಕಣ್ಣು ಉರಿಯುತ್ತಿತ್ತು, ಕೆಂಪಾಗುತ್ತಿತ್ತು. ನೋವಿಲ್ಲದ ಕಾಯಿಲೆಗೆ ಉರಿಯುವ ಮದ್ದು ಯಾಕೆ ಎಂದು ಮೇಷ್ಟ್ರು ಬಿಟ್ಟೇಬಿಟ್ಟರು. ಅಡುಗೆಮನೆಯಿಂದ ಹೆಂಡತಿ "ಹಾಕ್ಕೊಂಡ್ರಾ?" ಎಂದರೆ "ಹಾಕ್ಕೊಂಡೆ" ಎನ್ನುವರು. ತಪಾಸಣೆಗೆ ನಾಲ್ಕು ದಿನ ಇದೆ ಎನ್ನುವಾಗ ಮಾತ್ರ ಹನಿ ತಪ್ಪದೆ ಬೀಳುತ್ತಿತ್ತು. ಒತ್ತಡ ಇಳಿದಿರುತ್ತಿತ್ತು. ಪ್ರತಿಸಲವೂ ಪಾಸು! ಪರೀಕ್ಷೆಯ ಹಿಂದಿನ ದಿನ ಪುಸ್ತಕ ತೆಗೆಯುವವನು ಶುದ್ಧ ದಡ್ಡ ಎಂದು ಮಕ್ಕಳನ್ನು ಬೈಯುತ್ತಿದ್ದವರು ಇವರೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಈ ವರ್ಷದ ಪರೀಕ್ಷೆಯಲ್ಲಿ ಅವರ ಎಡಪಕ್ಕದ ಸಾಲಿನಲ್ಲೇ ಚೀಟಿ ಓಡಾಡಿತು. ಹಿಡಿದದ್ದು ಬಾಗಿಲ ಬಳಿ ಹಾದುಹೋಗುತ್ತಿದ್ದ ಹೆಡ್‌ಮೇಷ್ಟ್ರು. "ನಿಮ್ಮ ಪಕ್ಕದಲ್ಲೇ ಅಲ್ವಾ, ಮೇಷ್ಟ್ರೇ?" ಎಂದರು ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಮುಂದಿನ ವಾರ ತಪಾಸಣೆ. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತುವ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಹಾಳೆ ಮುಂದಿಟ್ಟರು. ಎಡಗಡೆಯೆಲ್ಲ ಕಪ್ಪು; ಅಲ್ಲಿನ ಚುಕ್ಕಿಗಳು ಮೇಷ್ಟ್ರಿಗೆ ಕಂಡೇ ಇರಲಿಲ್ಲ.

"ಒತ್ತಡ ಸರಿಯಾಗೇ ಇದೆ, ಆದ್ರೂ ನರ ಹಾಳಾಗ್ತಾ ಇದೆ. ಹನಿ ಸಾಲ್ತಿಲ್ಲ ಅನ್ಸುತ್ತೆ. ಆಪರೇಷನ್ ಮಾಡ್ಬೇಕಾಗುತ್ತೆ."

"ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ," ಎಂದರು ಪಕ್ಕದಲ್ಲಿ ಕೂತಿದ್ದ ಹೆಂಡತಿ. "ದಿನಾ ನಾನೇ ಕೇಳ್ತೀನಿ."

ಮೇಷ್ಟ್ರಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

"ನಾನು ಕಾಪಿ ಹೊಡೆದೆ," ಎಂದವರು, ನಾಲ್ಕು ದಿನದ ಆಟವನ್ನೆಲ್ಲ ತಲೆತಗ್ಗಿಸಿ ಹೇಳಿದರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಉರಿಯುತ್ತೆ ಅಂತ ಒಂದು ಮಾತು ಹೇಳಿದ್ರೆ ಬೇರೆ ಹನಿ ಕೊಡ್ತಿದ್ನಲ್ಲ, ಮೇಷ್ಟ್ರೇ. ಹೋದ ದೃಷ್ಟಿ ವಾಪಸ್ ಬರಲ್ಲ. ಉಳಿದಿರೋದನ್ನ ಉಳಿಸ್ಕೊಳ್ಳೋಣ. ಮೊದ್ಲು ಹನೀನೇ ಸರಿಯಾಗಿ ಹಾಕಿ ನೋಡೋಣ."

ಮನೆ ಸೇರುವವರೆಗೂ ಹೆಂಡತಿ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಸಂಜೆ ಮಾತ್ರ ಗಂಡನ ತಲೆಯನ್ನು ಹಿಂದಕ್ಕೆ ಬಾಗಿಸಿ ಹೊಸ ಹನಿಯನ್ನು ತಾವೇ ಹಾಕಿದರು. ಅದು ಒಂದಿಷ್ಟೂ ಉರಿಯಲಿಲ್ಲ. ಇಷ್ಟು ಸುಲಭವಿತ್ತಲ್ಲ ಎಂದು ಮೇಷ್ಟ್ರ ಕಣ್ಣು ತುಂಬಿತು.

"ಅಳ್ಬೇಡಿ," ಎಂದರು ಹೆಂಡತಿ, ಅವರಿಗೆ ಕಾಣದ ಎಡಗಡೆಯಿಂದ. "ಮದ್ದು ಹರಿದುಹೋಗುತ್ತೆ."