ಬೀಗ ಹಾಕಿದ ಬೀದಿ

ಸೋಮವಾರ ಬೆಳಿಗ್ಗೆ ಎಂಟರ ಬಸ್ಸು ಬಂತು, ನಿಲ್ಲಲಿಲ್ಲ. ಒಂಬತ್ತು ಜನ ಕೈ ಅಡ್ಡ ಹಿಡಿದು ನಿಂತಿದ್ದರು. ಡ್ರೈವರನ ಕಣ್ಣು ಖಾಲಿ ಬಯಲಿನ ಮೇಲೆ ಹಾಯುವಂತೆ ಅವರ ಮೇಲೆ ಹಾಯ್ದು ಮುಂದೆ ಹೋಯಿತು.

ಆ ಒಂಬತ್ತು ಜನರಲ್ಲಿ ಗಾರೆ ಮೇಸ್ತ್ರಿಯ ಸೊಸೆಯೂ ಇದ್ದಳು. ಅವಳು ಎಂಟು ತಿಂಗಳ ಬಸುರಿ. ಬಿ.ಪಿ. ಏರಿದ್ದರಿಂದ ವಾರಕ್ಕೊಮ್ಮೆ ತೋರಿಸಲೇಬೇಕಿತ್ತು. ಆಸ್ಪತ್ರೆ ಹದಿನಾರು ಕಿಲೋಮೀಟರ್ ದೂರ.

"ಮಾವ, ಅವನು ನನ್ನ ನೋಡಿದ. ನೋಡಿದ್ರೂ ನಾನು ಅವನಿಗೆ ಕಾಣ್ಲಿಲ್ಲ," ಎಂದಳು ಮನೆಗೆ ಮರಳಿ.

"ಹೊಸಬ ಇರ್ಬೇಕು ಬಿಡಮ್ಮ. ಕಣ್ಣು ಪರೀಕ್ಷೆ ಮಾಡಿಸ್ಕೊಳ್ಲಿ," ಎಂದ ಮೇಸ್ತ್ರಿ.

ಮಧ್ಯಾಹ್ನ ನರ್ಸಮ್ಮ ಹಿತ್ತಿಲ ಬಾಗಿಲಿನಿಂದ ಬಂದಳು. ಆ ಊರಲ್ಲಿ ಎಲ್ಲರೂ ಬರುವುದು ಹಾಗೆಯೇ. ಮುಂದಿನ ಬೀದಿಯಲ್ಲಿ ಜಲ್ಲಿ ಲಾರಿಗಳ ಓಡಾಟ. ಧೂಳಿಗೆ ಬೇಸತ್ತು ಜನ ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ಸಂದಿಗೆ ಬಟ್ಟೆ ತುರುಕಿ, ಹಿಂದಿನ ಓಣಿಗೆ ಮುಖಮಾಡಿ ಬದುಕುತ್ತಿದ್ದರು.

ನರ್ಸಮ್ಮ ಸೊಸೆಯ ಬಿ.ಪಿ. ನೋಡಿದಳು. "ಬಸ್ಸಿನೋರನ್ನ ಬೈಬೇಡಿ ಮೇಸ್ತ್ರಿ. ಜನಗಣತಿ ಪಟ್ಟೀಲಿ ನಮ್ಮೂರಲ್ಲಿ ಜನಾನೇ ಇಲ್ಲದ ಹಾಗಿದೆ, ಅದಕ್ಕೇ ನಿಲುಗಡೆ ತೆಗೆದಿದ್ದಾರೆ. ಮನೆ ಎಪ್ಪತ್ತೆರಡು, ಬೀಗ ಹಾಕಿದ್ದು ಅರವತ್ತೆಂಟು, ಜನ ಹನ್ನೊಂದು."

"ಹನ್ನೊಂದು ಜನ ನಲ್ಲಿ ಹತ್ರ ಜಗಳಕ್ಕೇ ಸಾಲಲ್ಲ!" ಎಂದಳು ಮೇಸ್ತ್ರಿಯ ಹೆಂಡತಿ.

"ಎಣಿಸೋರು ಮೂರು ಸಲ ಮುಂದಿನ ಬೀದೀಲಿ ಬಂದ್ರಂತೆ. ಹಿಂದಿನ ಓಣಿ ಅವರ ನಕ್ಷೇಲೇ ಇಲ್ಲ. ಬೀಗ ನೋಡಿ ಬರ್ಕೊಂಡು ಹೋದ್ರು."

ಮೇಸ್ತ್ರಿ ನಕ್ಕ. "ಅವರು ಎಣಿಸದಿದ್ರೆ ನಾನು ಉಂಡಿದ್ದು ಜೀರ್ಣ ಆಗಲ್ವಾ?"

"ನಿಮಗೆ ಆಗುತ್ತೆ. ಆದ್ರೆ ಬಸ್ಸು, ಆಂಬುಲೆನ್ಸು ಎಲ್ಲಿಗೆ ಬೇಕು ಅಂತ ನೋಡೋರು ಆ ಅಂಕಿ ನೋಡ್ತಾರೆ. ಇವಳಿಗೆ ನೋವು ಬಂದ ದಿನ ನನ್ನ ಸ್ಕೂಟರ್ ಮೇಲೆ ಕೂರಿಸ್ತೀರಾ? ನಾನು ಅರ್ಜಿ ಕೊಟ್ಟಿದ್ದೀನಿ. ಗುರುವಾರ ಮತ್ತೆ ಎಣಿಸೋಕೆ ಬರ್ತಾರೆ. ಬೀಗ ತೆಗೀರಿ."

"ಧೂಳು ನೀವು ಬಂದು ಗುಡಿಸ್ತೀರಾ?" ಎಂದ ಮೇಸ್ತ್ರಿ.

ಮೇಸ್ತ್ರಿ ತೆಗೆದರೆ ತಾವೂ ತೆಗೆಯೋಣ ಎಂದು ಬೀದಿಯವರು ಕಾದರು. ಮೇಸ್ತ್ರಿ ತೆಗೆಯಲಿಲ್ಲ.

ಗುರುವಾರ ಹಾಡುಹಗಲು. ಮೇಸ್ತ್ರಿ ಮುಂದಿನ ಕತ್ತಲೆ ಕೋಣೆಯಲ್ಲಿ ಗೋಡೆ ನೇರ ನೋಡುವ ತನ್ನ ತೂಗುಗುಂಡು ಹುಡುಕುತ್ತಿದ್ದ. ಬೀದಿಯಲ್ಲಿ ಹೆಜ್ಜೆ ಸದ್ದು. ಪಕ್ಕದ ಮನೆಯ ಬಾಗಿಲು ಬಡಿದರು. ಆಮೇಲೆ ಸಣ್ಣ ಕೆರೆತ. ಸೀಮೆಸುಣ್ಣದ್ದು. ಹೆಜ್ಜೆಗಳು ಅವನ ಬಾಗಿಲಿಗೆ ಬಂದವು. ಯಾರೋ ಬೀಗ ಎತ್ತಿ ಬಿಟ್ಟರು.

"ಯಾರಾದ್ರೂ ಇದ್ದೀರಾ?" ಹೆಣ್ಣು ದನಿ.

ಸುಮ್ಮನಿದ್ದುಬಿಡಬೇಕೆಂದುಕೊಂಡ. ಆಗ ಸೀಮೆಸುಣ್ಣ ಹಲಗೆಗೆ ತಾಗಿತು, ಸರಿಯಾಗಿ ಅವನ ಎದೆಯ ಮಟ್ಟಕ್ಕೆ. ನಡುವೆ ಒಂದು ಅಂಗುಲ ಮರ. ಅಕ್ಷರದಿಂದ ಅಕ್ಷರಕ್ಕೆ ಕೆರೆತ ಮುಂದೆ ಸಾಗಿತು. ಹಿತ್ತಿಲಿನಿಂದ ಸೊಸೆ ಕೆಮ್ಮಿದ್ದು ಕೇಳಿತು. ಆ ಕೆಮ್ಮನ್ನೂ ಅಳಿಸಿಹಾಕುತ್ತಿದ್ದಾರೆ ಅನ್ನಿಸಿತು.

ಎರಡೂ ಕೈಯಿಂದ ಬಾಗಿಲು ಬಡಿದ. "ಇದ್ದೀವಿ! ತಾಯಿ, ಒಳಗಿದ್ದೀವಿ!"

ಕೆರೆತ ನಿಂತಿತು. "ಹಾಗಾದ್ರೆ ಬಾಗಿಲು ತೆಗೀರಿ."

"ಬೀಗ ನಿಮ್ಮ ಕಡೆ ಇದೆಯಲ್ಲಮ್ಮ!"

ಹಿಂದಿನಿಂದ ಸುತ್ತಿ ಓಡಿಬಂದು, ತುಕ್ಕು ಹಿಡಿದ ಬೀಗವನ್ನು ಸುತ್ತಿಗೆಯಿಂದ ಒಡೆದ. ಆ ಸದ್ದು ಕೇಳಿ ಪಕ್ಕದ ಮನೆಯವರೂ ಹೊರಬಂದು ತಮ್ಮ ಬೀಗ ಒಡೆದರು, ಅವರ ಪಕ್ಕದವರೂ ಒಡೆದರು. ಸತ್ತಂತಿದ್ದ ಬೀದಿಯ ತುಂಬ ಮುಖಗಳು.

"ಎಷ್ಟು ಜನ?" ಎಣಿಸುವವಳು ಕೇಳಿದಳು.

"ಕೆಲಸಕ್ಕೆ ಹೋದ ಮಗ ಸೇರಿ ಐದು," ಎಂದ ಮೇಸ್ತ್ರಿ. ಅವನ ಹಿಂದೆ ಹೆಂಡತಿ, ಸೊಸೆ ಬಂದು ನಿಂತಿದ್ದರು.

"ನಾಲ್ಕೇ ಆಗುತ್ತಲ್ಲ? ಹೊಟ್ಟೇಲಿರೋದನ್ನ ಹುಟ್ಟಿದ ಮೇಲೆ ಬರ್ಕೊಳ್ಳೋದು."

"ಹುಟ್ಟೋಕೆ ಬಸ್ಸು ಬೇಕಲ್ಲಮ್ಮ," ಎಂದಳು ಅತ್ತೆ.

ಅಂದು ಸಂಜೆಗೆ ಲೆಕ್ಕ ಮುನ್ನೂರ ನಲವತ್ತೊಂದಕ್ಕೆ ಮುಟ್ಟಿತು. ಹನ್ನೆರಡನೇ ದಿನ ಎಂಟರ ಬಸ್ಸು ನಿಂತಿತು. ಡ್ರೈವರ್ ಸೊಸೆಯನ್ನು ನೋಡಿ, "ನಿಧಾನ ಹತ್ತಮ್ಮ," ಎಂದ.

ಮೇಸ್ತ್ರಿ ಬಾಗಿಲ ಮೇಲಿನ ಅರ್ಧ ಬರಹವನ್ನು ಅಳಿಸಿಲ್ಲ. 'ಯಾರೂ ಇ' ಎಂದು ಅದು ಇನ್ನೂ ಅಲ್ಲೇ ಇದೆ.

ಓದುತ್ತಿರುವವರೇ, ನಿಮ್ಮ ಬಾಗಿಲನ್ನು ಒಮ್ಮೆ ಹೊರಗೆ ನಿಂತು ನೋಡಿ. ಜನಗಣತಿಯವರು ಬಂದಾಗ ತೆರೆಯಿರಿ. ಹಾಸಿಗೆ ಹಿಡಿದವರನ್ನೂ ಎಳೆಗೂಸನ್ನೂ ಬಿಡದೆ ಬರೆಸಿ. ಬಿಟ್ಟುಹೋಗಿದ್ದರೆ ಹೋಗಿ ಕೇಳಿ. ನೀವು ಒಳಗಿದ್ದೀರಿ ಎಂಬುದು ಹೊರಗಿನವರಿಗೆ ತಾನಾಗಿ ತಿಳಿಯುವುದಿಲ್ಲ.