ವಾರಕ್ಕೆ ಐದು ಒಪ್ಪತ್ತು

ಮರಳಿ ಎಂಬ ಊರಿನ ವಿರೂಪಾಕ್ಷಮ್ಮನ ಓಣಿಯಲ್ಲಿ ಆ ವಾರ ಒಂದೇ ಸುದ್ದಿ. ಭಾನುವಾರ ಗಂಗಾವತಿಯಲ್ಲಿ ಹೆಣ್ಣುಮಕ್ಕಳ ಭಾರ ಎತ್ತುವ ಪಂದ್ಯ! ವಿರೂಪಾಕ್ಷಮ್ಮನ ಮಗಳು ಶೋಭಾರಾಣಿ ಅದರಲ್ಲಿ ಭಾರ ಎತ್ತುತ್ತಾಳೆ! ಗಂಗಾವತಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಶೋಭಾ ದಿನಾ ಮುಂಜಾನೆ ಆರರ ಬಸ್ಸು ಹಿಡಿಯುತ್ತಾಳೆ. ಮೊದಲು ಜಿಮ್ಮು, ಆಮೇಲೆ ಅಂಗಡಿ. ಪಂದ್ಯ ನೋಡಲು ಓಣಿಯ ಹೆಂಗಸರು ಆಗಲೇ ಅಸ್ಲಮನ ಟಂಟಂ ಆಟೋ ಗೊತ್ತು ಮಾಡಿದ್ದರು.

“ಹನ್ನೊಂದು ಮಂದಿ ಆದ್ರಲ್ಲಬೇ, ಎಲ್ಲಿ ಕುಂದರಸ್ಲಿ?” ಎಂದು ಅಸ್ಲಮ ತಲೆ ಕೆರೆದುಕೊಂಡ.

“ಹಿಡಿಸದಿದ್ರ ಶೋಭಾ ನಿನ್ನ ಟಂಟಂನೇ ಎತ್ಕೊಂಡು ಹೋಗ್ತಾಳ, ಸುಮ್ನಿರು” ಎಂದಳು ಒಬ್ಬಾಕೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ವಿರೂಪಾಕ್ಷಮ್ಮನಿಗೆ ಇನ್ನೊಂದು ಹೆಮ್ಮೆಯೂ ಇತ್ತು. ಮಗಳಿಗೆ ದೈವಭಕ್ತಿ ಬಂದಿತ್ತು. ಸೋಮವಾರ ಈಶ್ವರನ ಒಪ್ಪತ್ತು, ಮಂಗಳವಾರ ಹುಲಿಗೆಮ್ಮನದು, ಗುರುವಾರ ರಾಯರದು, ಶುಕ್ರವಾರ ಲಕ್ಷ್ಮಿಯದು, ಶನಿವಾರ ಹನುಮಪ್ಪನದು. ದಿನಕ್ಕೆ ಒಂದೇ ಹೊತ್ತು ಊಟ, ಅದೂ ಸಂಜೆ ಮನೆಗೆ ಬಂದ ಮೇಲೆ. “ಈ ವಯಸ್ಸಿನ್ಯಾಗ ಯಾರು ಮಾಡ್ತಾರಬೇ?” ಎಂದು ಆಕೆ ನಳದ ಹತ್ತಿರ ಎಲ್ಲರಿಗೂ ಹೇಳುತ್ತಿದ್ದಳು.

ಮಂಗಳವಾರ ಸಂಜೆ ಬಸ್ಸಿಳಿದು ಬಂದ ಶೋಭಾ ಮನೆಯ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಪಕ್ಕದ ಮನೆಯ ಕೂಸಿನ ಲಸಿಕೆ ಕಾರ್ಡು ನೋಡುತ್ತಿದ್ದ ಆಶಾ ಕಾರ್ಯಕರ್ತೆ ಹಜರತಬೀ ಓಡಿ ಬಂದು ಹಿಡಿದುಕೊಂಡಳು. ಹುಡುಗಿಯ ಕೈ ತಣ್ಣಗಿತ್ತು.

“ಏನಿಲ್ರಿ ಅಕ್ಕಾರ, ಬಿಸಿಲು” ಎಂದಳು ಶೋಭಾ.

“ಒಪ್ಪತ್ತು ಐತಿ ಅದಕ” ಎಂದಳು ತಾಯಿ.

ಹಜರತಬೀ ಹುಡುಗಿಯ ಮುಖ ನೋಡಿದಳು. “ಮುಟ್ಟು ಯಾವಾಗ ಆಗಿತ್ತವಾ?”

ಶೋಭಾ ತಲೆ ತಗ್ಗಿಸಿದಳು. “ನಾಕು ತಿಂಗಳಾತ್ರಿ.”

“ಅಯ್ಯ ಶಿವನ!” ವಿರೂಪಾಕ್ಷಮ್ಮ ಎದೆ ಹಿಡಿದುಕೊಂಡಳು. “ಲಗ್ನ ಆಗದ ಹುಡುಗಿ…”

“ಯಕ್ಕಾ, ಇಲ್ಲದ್ದೆಲ್ಲಾ ತಿಳ್ಕೋಬ್ಯಾಡ. ಮೈಗೆ ಕೂಳು ಸಾಲದಿದ್ರೂ ಮುಟ್ಟು ನಿಲ್ತೈತಿ. ಡಾಕ್ಟರ್ ನೋಡಿ ಹೇಳ್ತಾರ. ಇಕಿ ಒಂದು ಹೊತ್ತರ ಹೊಟ್ಟಿ ತುಂಬ ಉಣ್ತಾಳೇನು?”

“ದೇವರ ಉಪಾಸದಾಗ ಹುಳುಕು ಹುಡುಕ್ತಿ ಏನು? ನೀವು ರೋಜಾ ಹಿಡಿಯಂಗಿಲ್ಲ?”

ಹಜರತಬೀ ನಕ್ಕಳು. “ಹಿಡೀತೀವಿ. ಹೊತ್ತು ಮುಳುಗೂದ್ರಾಗ ಖರ್ಜೂರ ಕೈಯಾಗ ಹಿಡಕೊಂಡು ಕುಂತಿರ್ತೀವಿ! ಉಪಾಸ ಹಿಡದಾಕಿ ಉಣ್ಣೂ ಹೊತ್ತಿಗೆ ಕಾಯ್ತಾಳ ಯಕ್ಕಾ. ನಿನ್ನ ಮಗಳು ಕಾಯ್ತಾಳೋ, ಹೆದರ್ತಾಳೋ? ತಾಟು ಹಚ್ಚಿ ನೋಡು.”

ವಿರೂಪಾಕ್ಷಮ್ಮ ಸಿಟ್ಟಿನಲ್ಲೇ ತಾಟು ತಂದಿಟ್ಟಳು. ಬಿಸಿ ಅನ್ನ, ಹೆಸರುಬೇಳೆ, ಮೊಸರು. ಶೋಭಾ ಅನ್ನವನ್ನು ಬೆರಳಿನಿಂದ ಅತ್ತಿತ್ತ ಸರಿಸಿದಳು.

“ಅಂಗಡ್ಯಾಗ ಉಂಡು ಬಂದೀನಬೇ.”

“ಒಪ್ಪತ್ತಿನ ದಿನ ಅಂಗಡ್ಯಾಗ ಹೆಂಗ ಉಂಡಿ?”

ಶೋಭಾ ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದಿದ್ದಳು. ಕಣ್ಣಲ್ಲಿ ನೀರು ಬಂತು. “ಯವ್ವಾ, ನಂಗ ಉಣ್ಣಾಕ ಅಂಜಿಕಿ ಆಗ್ತೈತಿ. ದೇವರ ಹೆಸರು ಹೇಳಿದ್ರ ನೀ ಒತ್ತಾಯ ಮಾಡಂಗಿಲ್ಲ ಅಂತ…”

ಕಟ್ಟಿಟ್ಟಿದ್ದೆಲ್ಲ ಹೊರಬಂತು. ಶೋಭಾ ಜಿಮ್ಮಿಗೆ ಸೇರಿದ್ದು ಗಟ್ಟಿಯಾಗಲೆಂದು. ಮೈ ಸ್ವಲ್ಪ ಇಳಿಯಿತು. ಕಂಡವರೆಲ್ಲ ಹೊಗಳಿದರು. ಆಮೇಲೆ ಮನಸ್ಸು ತೂಕದ ಯಂತ್ರಕ್ಕೆ ಅಂಟಿತು. ಒಂದು ತುತ್ತು ಹೆಚ್ಚು ಉಂಡರೆ ಮರುದಿನ ಒಂದು ತಾಸು ಹೆಚ್ಚು ಓಟ.

“ಅಂಗಡ್ಯಾಗ ಗೊಂಬಿಗೆ ಸೀರಿ ಉಡಸ್ತೀನ್ರಿ ಅಕ್ಕಾರ. ಗೊಂಬಿ ನಡಾ ನೋಡ್ತೀನಿ, ಕನ್ನಡ್ಯಾಗ ನನ್ನ ನಡಾ ನೋಡ್ತೀನಿ. ಎಷ್ಟು ಇಳಿದ್ರೂ ನಾ ದಪ್ಪನ ಕಾಣ್ತೀನಿ.”

“ಆ ಗೊಂಬಿ ಒಂದು ಕೊಡ ನೀರು ಹೊರತೈತೇನು?” ಎಂದಳು ಹಜರತಬೀ. ಅಳುವ ಹುಡುಗಿಗೂ ನಗು ಬಂತು.

ವಿರೂಪಾಕ್ಷಮ್ಮ ಮಾತ್ರ ನಗಲಿಲ್ಲ. “ಸಣ್ಣಗಾದಿ, ಛಲೋ ಕಾಣ್ತಿ ಅಂತ ನಾನೂ ಅಂದಿದ್ನಲ್ಲಬೇ” ಎಂದಳು ಮೆಲ್ಲಗೆ. ಆಮೇಲೆ ಎದ್ದು ಹೊರಗೆ ಬಂದು ಓಣಿಯತ್ತ ಕೂಗಿದಳು. “ಅಸ್ಲಮಾ! ಮುಂಜಾನೆ ಗಾಡಿ ತಗೊಂಡು ಬಾ, ದವಾಖಾನಿಗೆ ಹೋಗೂದೈತಿ!”

ಬುಧವಾರ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಬೈಯಲಿಲ್ಲ. “ಇದು ಹಟ ಅಲ್ಲಮ್ಮಾ, ಕಾಯಿಲೆ. ವಾಸಿಯಾಗುತ್ತದೆ” ಎಂದರು. ಸದ್ಯಕ್ಕೆ ಭಾರ ಎತ್ತಬಾರದು, ಮನಸ್ಸಿನ ವೈದ್ಯರನ್ನೂ ಕಾಣಬೇಕು ಎಂದು ಚೀಟಿ ಬರೆದುಕೊಟ್ಟರು.

ಪಂದ್ಯ ತಪ್ಪಿತು. ಶೋಭಾ ಅತ್ತಳು. ಜಿಮ್ಮಿನಲ್ಲಿ ಹೆಣ್ಣುಮಕ್ಕಳಿಗೆ ಕಲಿಸುವ ಪಂಪಾವತಿ ತಾನೇ ಮನೆಗೆ ಬಂದಳು. “ಹೋದ ತಿಂಗಳು ಎತ್ತಿದ ಭಾರ ಈಗ ಯಾಕ ಏಳವಲ್ದು ಅಂತ ನಾ ಕೇಳಬೇಕಿತ್ತು. ತೂಕ ಇಳದಿದ್ದಷ್ಟ ನೋಡಿ ಚಪ್ಪಾಳಿ ಹೊಡದ್ನಿ. ತಪ್ಪಾತವಾ” ಎಂದಳು.

ವಾಸಿಯಾಗುವುದು ಒಂದೇ ದಿನದ ಮಾತಾಗಿರಲಿಲ್ಲ. ಒಂದು ದಿನ ಉಂಡರೆ ಮರುದಿನ ತಾಟು ಸರಿಸುತ್ತಿದ್ದಳು. ತಾಯಿ ಗದರಲಿಲ್ಲ, ತುತ್ತು ಎಣಿಸಲಿಲ್ಲ. ಎದುರಿಗೆ ಕುಳಿತು ತಾನೂ ಉಂಡಳು, ಊರ ಸುದ್ದಿ ಹೇಳಿದಳು. ಹದಿನೈದು ದಿನಕ್ಕೊಮ್ಮೆ ಇಬ್ಬರೂ ದವಾಖಾನೆಗೆ ಹೋಗಿ ಬಂದರು.

ಐದು ತಿಂಗಳು ಕಳೆದವು. ಒಂದು ಮುಂಜಾನೆ ಶೋಭಾ ಹಜರತಬೀಯ ಮನೆಗೆ ಓಡಿದಳು. “ಅಕ್ಕಾರ! ಬಂತ್ರಿ! ಬಂತು!”

“ಏನಬೇ, ನೌಕರಿ ಬಂತೇನು?” ನಳದ ಹತ್ತಿರ ನಿಂತವರು ಕೂಗಿದರು.

ಹಿಂದೆಯೇ ಏದುಸಿರು ಬಿಡುತ್ತ ಬಂದ ವಿರೂಪಾಕ್ಷಮ್ಮ ನಾಚದೆ ಹೇಳಿದಳು, “ಮಗಳು ಮುಟ್ಟಾಗ್ಯಾಳ! ನಮ್ಮನ್ಯಾಗ ಇವತ್ತ ಹೋಳಿಗಿ, ಎಲ್ಲಾರೂ ಉಣ್ಣಾಕ ಬರ್ರಿ!”

ಆ ಮಧ್ಯಾಹ್ನ ಶೋಭಾ ಎಲ್ಲರ ನಡುವೆ ಕುಳಿತು ಹೋಳಿಗೆ ಮುರಿದಳು. ಅಂಜಿಕೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಆದರೂ ಉಂಡಳು.

ಅಕ್ಕಂದಿರೇ, ತಾಯಂದಿರೇ, ವ್ಯಾಯಾಮ ಬಹಳ ಒಳ್ಳೆಯದು, ಬಿಡಬೇಡಿ. ಆದರೆ ನಿಮ್ಮ ಮನೆಯ ಹುಡುಗಿ ಊಟ ತಪ್ಪಿಸಲು ನೆಪ ಹೇಳುತ್ತಿದ್ದರೆ, ಮತ್ತೆ ಮತ್ತೆ ತೂಕ ನೋಡುತ್ತಿದ್ದರೆ, ಉಂಡ ತಪ್ಪಿಗೆಂಬಂತೆ ಮೈ ದಂಡಿಸುತ್ತಿದ್ದರೆ, ತಲೆ ಸುತ್ತು ಬರುತ್ತಿದ್ದರೆ, ಮುಟ್ಟು ನಿಂತಿದ್ದರೆ, ಬೈಯಬೇಡಿ, ಮೈಕಟ್ಟಿನ ಮಾತು ಆಡಬೇಡಿ. ಹತ್ತಿರ ಕುಳಿತು ಕೇಳಿ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನಸ್ಸಿನ ನೋವು ಹೇಳಿಕೊಳ್ಳಲು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಿ. ಇದನ್ನು ಓದುತ್ತಿರುವ ತಂಗೀ, ಆ ಹೆದರಿಕೆ ನಿನ್ನದೇ ಆಗಿದ್ದರೆ, ಇವತ್ತೇ ಯಾರಾದರೂ ಒಬ್ಬರಿಗೆ ಹೇಳು. ನಿನ್ನ ಪಕ್ಕ ಕುಳಿತು ಉಣ್ಣುವವರು ಇದ್ದಾರೆ.